ಮಖಮಲ್ಲಿನ ದಿಕ್ಕು

ಆಗಸ್ಟ್ ೧೪, ಬುಧವಾರ

ನನ್ನ ಮುದ್ದು ಮಗಳಿಗೆ,

ನಿನಗೂ ಅಳಿಯನಿಗೂ ಅಮ್ಮನ ಪ್ರೀತಿ, ಪ್ರಭುವಿನ ಶಾಂತಿ. ನಿನ್ನ ಪತ್ರ ಬಂದು ಮೂರು ವಾರವಾಯಿತು. ಪುರುಸೊತ್ತಿರಲಿಲ್ಲ ಎಂದು ಬರೆದು, ಅದನ್ನು ಹೊಡೆದುಹಾಕಿ, ಇನ್ನೊಂದು ಹಾಳೆ ತೆಗೆದುಕೊಂಡೆ. ಪುರುಸೊತ್ತಿತ್ತು, ಮನಸ್ಸು ನೆಟ್ಟಗಿರಲಿಲ್ಲ. ನನ್ನ ಮೊಣಕಾಲು ನೋವು ಹಾಗೇ ಇದೆ, ನಿಮ್ಮಪ್ಪನ ಗೊರಕೆಯೂ ಹಾಗೇ ಇದೆ. ಡಾಕ್ಟರು ಇಬ್ಬರಿಗೂ ತೂಕ ಇಳಿಸಿ ಅಂದಿದ್ದಾರೆ, ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಿದ್ದೇವೆ.

"ಕಡ್ಡಿಗೂ ನಿನಗೂ ಸರಿಹೋಗ್ತಿದೆಯಾ ಅಮ್ಮ?" ಎಂದು ಕೇಳಿದ್ದೆ. ಸಣಕಲಿ ಎಂದು ನೀನೇ ಕಡ್ಡಿ ಅಂತ ಹೆಸರಿಟ್ಟ ನಿನ್ನ ಜೀವದ ಗೆಳತಿ ಚೆನ್ನಾಗಿಯೇ ಇದ್ದಾಳೆ. ನಿನ್ನ ಮಾತಿಗೆ ಕಟ್ಟುಬಿದ್ದು ನಾನೇ ಅಲ್ಲವೇ ಯಜಮಾನಿಯ ಹತ್ತಿರ ಹೇಳಿ, ಮೂರು ತಿಂಗಳು ನೋಡೋಣ ಎಂದು ಒಪ್ಪಿಸಿ, ಅವಳನ್ನು ಹೊಲಿಗೆ ಅಂಗಡಿಗೆ ಸೇರಿಸಿದ್ದು? ಎರಡೇ ವಾರಕ್ಕೆ ಗಿರಾಕಿಗಳು ನನ್ನ ಮೇಜು ದಾಟಿ ಅವಳ ಮೇಜಿಗೆ ಹೋಗತೊಡಗಿದರು. ಇಪ್ಪತ್ತೆರಡು ವರ್ಷದಿಂದ ನನ್ನಲ್ಲೇ ಹೊಲಿಸುತ್ತಿದ್ದ ಟೀಚರಮ್ಮ ಒಂದು ದಿನ, "ನೀವು ಕೂತ್ಕೊಳ್ಳಿ, ಆ ಹುಡುಗಿ ಅಳತೆ ತಗೊಳ್ಳಲಿ. ಅವಳು ಅಳೆದರೆ ನನ್ನ ಸೊಂಟ ಸಣ್ಣ ಆಗುತ್ತೆ" ಅಂದರು. ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಕಡ್ಡಿ ಊಟಕ್ಕೆ ಎದ್ದಾಗ ಅವಳು ಹೊಲಿದ ಬಟ್ಟೆಗಳನ್ನು ಒಳಮಗ್ಗುಲು ಮಾಡಿ ತಪ್ಪು ಹುಡುಕುತ್ತಿದ್ದೆ. ಒಂದು ಹೊಲಿಗೆಯಾದರೂ ಸೊಟ್ಟಗಿರಬೇಡವೇ? ಇರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಆ ಶನಿವಾರ ಚರ್ಚಿನಲ್ಲಿ ಸ್ವಾಮಿಗಳ ಹತ್ತಿರ ಪಾಪನಿವೇದನೆಗೆ ಹೋದೆ. ಕೋಪ, ಚಾಡಿ, ಪ್ರಾರ್ಥನೆ ಹೊತ್ತಿನಲ್ಲಿ ತೂಕಡಿಕೆ, ನಿಮ್ಮಪ್ಪನಿಗೆ ಬೈದದ್ದು, ಹೀಗೆ ನನ್ನ ಮಾಮೂಲು ನಾಲ್ಕನ್ನು ಒಪ್ಪಿಸಿದೆ. ಸ್ವಾಮಿಗಳು, "ಇವು ನನಗೂ ಬಾಯಿಪಾಠ ಆಗಿವೆಯಮ್ಮ. ಬೇರೆ ಏನಾದ್ರೂ ಇದೆಯಾ?" ಎಂದರು. ಇಲ್ಲ ಅಂದೆ. ಐದನೆಯದನ್ನು ಬಚ್ಚಿಟ್ಟುಕೊಂಡೇ ಎದ್ದು ಬಂದೆ. ಕೋಪ ಬಂತು ಎಂದು ಹೇಳುವುದರಲ್ಲಿ ಸ್ವಲ್ಪ ಜಂಬವಾದರೂ ಇರುತ್ತದೆ, ಮಗಳ ವಯಸ್ಸಿನವಳನ್ನು ಕಂಡರೆ ಹೊಟ್ಟೆಕಿಚ್ಚು ಎಂದು ಹೇಗೆ ಹೇಳಲಿ?

ಮುಂದಿನ ವಾರವೇ ಟೀಚರಮ್ಮ ತಮ್ಮ ತಾಯಿ ಎತ್ತಿಟ್ಟಿದ್ದ ಕಡುಗೆಂಪು ಮಖಮಲ್ಲು ತಂದು, ಉದ್ದ ಕೋಟು ಹೊಲಿಯಲು ಕಡ್ಡಿಯ ಕೈಗೆ ಕೊಟ್ಟರು. ಅಂಥ ಬಟ್ಟೆ ಈಗ ಸಿಗುವುದಿಲ್ಲ. ಮಖಮಲ್ಲಿಗೆ ದಿಕ್ಕಿದೆ. ಚಿಕ್ಕವಳಿದ್ದಾಗ ನನ್ನ ಮೇಜಿನ ಕೆಳಗೆ ಕೂತು ನೀನೇ ಸವರಿ ನೋಡುತ್ತಿದ್ದೆ, ಹೀಗೆ ಸವರಿದರೆ ನುಣುಪು, ಹಾಗೆ ಸವರಿದರೆ ಒರಟು. ಎಲ್ಲ ತುಂಡನ್ನೂ ಒಂದೇ ದಿಕ್ಕಿಗೆ ಕತ್ತರಿಸದಿದ್ದರೆ, ಹೊಲಿದ ಮೇಲೆ ಎದೆ ಒಂದು ಬಣ್ಣ, ಬೆನ್ನು ಇನ್ನೊಂದು ಬಣ್ಣ ಕಾಣುತ್ತದೆ. ಕಡ್ಡಿ ಹತ್ತಿ, ರೇಷ್ಮೆಯಲ್ಲಿ ಪಳಗಿದವಳು. ಬಟ್ಟೆ ಉಳಿಸುವ ಆಸೆಗೆ ಬೆನ್ನಿನ ತುಂಡಿನ ಅಳತೆಕಾಗದವನ್ನು ತಲೆಕೆಳಗಾಗಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ನಾನು ಪಕ್ಕದ ಮೇಜಿನಲ್ಲಿದ್ದೆ. ನೋಡಿದೆ.

"ತಾಳೇ" ಎಂದಿದ್ದರೆ ಮುಗಿಯುತ್ತಿತ್ತು. ಪ್ರಭುವೇ ನನ್ನ ಬಾಯಿ ತೆರೆಸು ಎಂದು ಪ್ರಾರ್ಥನೆ ಬೇರೆ ಮಾಡಿದೆ. ಬಾಯಿ ನನ್ನದು, ತೆರೆಯಬೇಕಾದವಳು ನಾನು, ಆ ಕೆಲಸವನ್ನೂ ಅವನ ತಲೆಗೆ ಕಟ್ಟಿದೆ. ಅವಳು ಕತ್ತರಿ ಎತ್ತಿಕೊಂಡು, "ಸರಿ ಇದೆಯಾ ಆಂಟಿ?" ಎಂದು ನನ್ನ ಕಡೆ ನೋಡಿದಳು. ಕೇಳಿಸದವಳ ಹಾಗೆ ಸೂಜಿಗೆ ದಾರ ಪೋಣಿಸುತ್ತಾ ಕೂತೆ. ಕತ್ತರಿಯ ಸದ್ದು ಶುರುವಾಯಿತು. ನನಗೆ ಸಂತೋಷವಾಯಿತು ಮಗಳೇ. ಬರೆಯಲು ನಾಚಿಕೆ, ಆದರೂ ಆದದ್ದು ಸಂತೋಷವೇ.

ಮಾರನೆಯ ದಿನ ತುಂಡುಗಳನ್ನು ಕೂಡಿಸಿ ಗೊಂಬೆಗೆ ತೊಡಿಸಿದರೆ, ಎದೆ ಕಡುಗೆಂಪು, ಬೆನ್ನು ಮಾಸಲು. ಯಜಮಾನಿ ಕೆಂಡವಾದರು. "ಮೂರು ತಿಂಗಳು ಮುಗಿಯೋವರೆಗೆ ಕಾಯೋದೇನಿದೆ? ನಾಳೆಯಿಂದ ಬರಬೇಡ" ಅಂದರು. ಕಡ್ಡಿ ಒಂದು ಸಬೂಬನ್ನೂ ಹೇಳಲಿಲ್ಲ. "ನನ್ನದೇ ತಪ್ಪು ಮೇಡಂ" ಎಂದು ಬ್ಯಾಗು ತೆಗೆದುಕೊಳ್ಳಲು ಹೋದಳು. ಒಳಗಿನ ದನಿ, ಕತ್ತರಿಸಿದ್ದು ನೀನಲ್ಲವಲ್ಲ, ಇನ್ನೊಂದು ನಿಮಿಷ ಸುಮ್ಮನಿರು, ಗಿರಾಕಿಗಳು ಮತ್ತೆ ನಿನ್ನವರೇ ಅಂದಿತು. ಸೈತಾನನ ದನಿ ಎಂದು ಬರೆದರೆ ಅವನಿಗೇ ಅನ್ಯಾಯ, ಅದು ಥೇಟ್ ನನ್ನದೇ ದನಿ. ಅವಳು ಬಾಗಿಲು ದಾಟುವಷ್ಟರಲ್ಲಿ ಎದ್ದು ನಿಂತೆ. "ಅವಳು ನನ್ನನ್ನ ಕೇಳಿದ್ಲು. ನಾನು ನೋಡಿದ್ದೆ, ಬೇಕಂತಲೇ ಹೇಳಲಿಲ್ಲ. ಕಳಿಸೋದಾದ್ರೆ ನನ್ನನ್ನ ಕಳಿಸಿ" ಅಂದೆ.

ಯಜಮಾನಿ ಬೈಯಲಿಲ್ಲ. "ಇಷ್ಟು ವರ್ಷ ಆದ್ಮೇಲೆ ನೀವು ಹೀಗಾ?" ಅಂದರು, ಅಷ್ಟೆ. ಬೈದಿದ್ದರೆ ಸುಲಭವಿತ್ತು. ಹಾಳಾದ ಉದ್ದ ಬೆನ್ನಿನ ತುಂಡನ್ನು ತಿರುಗಿಸಿಟ್ಟು, ಸರಿ ದಿಕ್ಕಿಗೆ ಗಿಡ್ಡ ಬೆನ್ನು ಕತ್ತರಿಸಿದೆವು. ಟೀಚರಮ್ಮ ಕಣ್ಣೊರೆಸಿಕೊಂಡು, ಸೊಂಟದುದ್ದದ ಕೋಟಿಗೆ ಒಪ್ಪಿದರು. ಯಜಮಾನಿ ಇಬ್ಬರನ್ನೂ ಉಳಿಸಿಕೊಂಡರು. ಈಗ ನನ್ನ ಕತ್ತರಿಸುವ ಮೇಜು ಕಡ್ಡಿಯದು, ನನಗೆ ಗುಂಡಿ ಮತ್ತು ಅಂಚು ಹೊಲಿಯುವ ಕೆಲಸ.

ನಿಜ ಹೇಳಿದರೆ ಹೊಟ್ಟೆ ತಣ್ಣಗಾಗುತ್ತದೆ ಅಂದುಕೊಂಡಿದ್ದೆ. ಎಲ್ಲಿಯ ತಣ್ಣಗೆ! ನನ್ನ ಮೇಜಿನ ಮೇಲೆ ಅವಳ ಕೈ ಕಂಡರೆ ಈಗಲೂ ಮೈ ಉರಿಯುತ್ತದೆ. ಅದಕ್ಕೇ ದಿನಕ್ಕೊಂದು ಸಲ ಅವಳ ಕೆಲಸದ ಬಗ್ಗೆ ಒಂದು ಒಳ್ಳೆಯ ಮಾತನ್ನು ಎಲ್ಲರೆದುರು ಆಡಬೇಕೆಂದು ನನಗೆ ನಾನೇ ಕಟ್ಟಳೆ ಮಾಡಿಕೊಂಡಿದ್ದೇನೆ. ನಿನ್ನೆ "ಕಾಲರ್ ಚೆನ್ನಾಗಿ ಕೂತಿದೆ" ಅಂದೆ. ಹಲ್ಲು ಕಚ್ಚಿಕೊಂಡೇ ಅಂದೆ. ಐದನೆಯ ಪಾಪವನ್ನೂ ಸ್ವಾಮಿಗಳಿಗೆ ಹೇಳಿದೆ. ಅವರು, "ಪಕ್ಕದ ಚರ್ಚಿನ ಸ್ವಾಮಿಗಳ ಪ್ರಸಂಗ ಕೇಳಿದಾಗ ನನಗೂ ಹಾಗೇ ಆಗುತ್ತೆ ಅಮ್ಮ" ಎಂದರು.

ಹೊತ್ತಿಗೆ ಸರಿಯಾಗಿ ಉಣ್ಣು, ಚೆನ್ನಾಗಿ ನಿದ್ದೆ ಮಾಡು. ನೀವಿಬ್ಬರೂ ಕೂಡಿ ನಕ್ಕು ಬಾಳುವ ಹಾಗೆ ದೇವರು ನಿಮ್ಮ ಮನೆಯನ್ನು ಕಾಯಲಿ.

ನಿನ್ನ
ಅಮ್ಮ

ತಾ.ಕ.: ಇಷ್ಟೆಲ್ಲ ಬರೆದೂ ಬರೆಯಬೇಕಾದದ್ದನ್ನು ಬಿಟ್ಟಿದ್ದೇನೆ. ಗಿರಾಕಿಗಳು ಹೋದ ಉರಿಯನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಕಡ್ಡಿ ಕತ್ತರಿ ಹಿಡಿಯುವ ಅರ್ಧ ಗಂಟೆ ಮೊದಲು ನನ್ನ ಪಕ್ಕ ಬಂದು, "ಅಜ್ಜಿ ಆಗ್ತಿದೀರಲ್ಲ ಆಂಟಿ, ಸಿಹಿ ಎಲ್ಲಿ? ಆಗಲೇ ಐದನೇ ತಿಂಗಳಂತೆ!" ಅಂದಳು. ನನಗೆ ಗೊತ್ತಿದೆ ಎಂದೇ ತಿಳಿದಿದ್ದಳು, ಪಾಪ. ಅವಳನ್ನು ಬೈಯಬೇಡ. ಗೊತ್ತಿದ್ದವಳ ಹಾಗೆ ನಾನೂ ನಕ್ಕೆ. ನನಗೆ ಬಂದ ನಿನ್ನ ಪತ್ರದಲ್ಲಿ ಅಳಿಯನ ನೆಗಡಿಯ ಸುದ್ದಿ ಇತ್ತು. ಯಾಕೆ ಮುಚ್ಚಿಟ್ಟೆ ಎಂದು ಕೇಳುವುದಿಲ್ಲ. ಹೋದ ಸಲ ಮಗು ಉಳಿಯದೆ ಹೋದಾಗ, ನಿನ್ನ ಆಸ್ಪತ್ರೆಯ ಮಂಚದ ಪಕ್ಕ ನಿಂತು, "ನನ್ನ ಮಾತು ಕೇಳಿದ್ದಿದ್ರೆ ಹೀಗಾಗ್ತಿರಲಿಲ್ಲ" ಅಂದವಳು ನಾನು. ಕಡ್ಡಿ ಅಲ್ಲೇ ಕೂತು, ಏನೂ ಮಾತಾಡದೆ ನಿನ್ನ ಕಾಲು ಒತ್ತುತ್ತಿದ್ದಳು. ನನ್ನನ್ನು ಕ್ಷಮಿಸು ಕಂದ. ಮಗು ಹುಟ್ಟಿದಾಗ ನನಗೇ ಮೊದಲು ತಿಳಿಸು ಎಂದು ಕೇಳುವ ಮುಖ ನನಗಿಲ್ಲ. ಅವಳಿಗೆ ಹೇಳಿದ ಮೇಲೆ ನನಗೂ ಹೇಳು.