ಜೀನಿನ ಒಳಮೈ

ಏಪ್ರಿಲ್ 18, 2009, ಶನಿವಾರ

ಭುಜ ಇನ್ನೂ ನೋಯುತ್ತಿದೆ. ನೋಯಲಿ.

ಇವರ ಕೆಲಸ ಹೋದ ಮೇಲೆ ಹೊಸ ವಸ್ತು ಕೊಳ್ಳುವ ಮಾತೇ ಇಲ್ಲ. ಮಗಳು ಆತಿಕಾಳ ಸವಾರಿಗೆ, ಕುದುರೆಯ ಬೆನ್ನಿಗೆ ಬಿಗಿಯುವ ಹಳೆಯ ಕೌಬಾಯ್ ಜೀನು ಕೊಳ್ಳಲು ಹೋದೆವು. ಹೂಬಳ್ಳಿ ಕೆತ್ತಿದ, ಫಳಫಳ ಹೊಳೆಯುವ ಒಂದನ್ನು ನಾನು ಆಗಲೇ ಮೆಚ್ಚಿಬಿಟ್ಟಿದ್ದೆ. ಮಗಳು ಅದನ್ನು ಬೋರಲು ಹಾಕಿ, ಎರಡೂ ತುದಿ ಹಿಡಿದು ಒತ್ತಿದಳು. ಕಿರ್ರೆಂದಿತು.

“ನೋ ಅಮ್ಮಿ. ಇಟ್ಸ್ ಬ್ರೋಕನ್ ಇನ್‌ಸೈಡ್.”

ಒಳಗಿನ ಮರದ ಚೌಕಟ್ಟು ಮುರಿದಿದ್ದರೆ ಕುದುರೆಯ ಬೆನ್ನು ಹುಣ್ಣಾಗುತ್ತದಂತೆ. ಪಕ್ಕದ ಮಾಸಲು ಜೀನನ್ನೂ ಹಾಗೇ ತಿರುಗಿಸಿ ನೋಡಿ, ಅದನ್ನೇ ಆರಿಸಿದಳು.

ಯಾರು ಕಲಿಸಿದ್ದು ಎಂದು ಮಾರುವ ಮುದುಕ ಬೆರಗಾಗಿ ಕೇಳಿದ.

ಎಡಿಸನ್ ಊರಿನ ಇಂಡಿಯನ್ ಅಂಗಡಿಯಲ್ಲಿ ನಾನು ಪ್ರತಿ ಸೀರೆಯ ಹಿಂಬದಿ ತಿರುಗಿಸಿ ನೋಡುವಾಗ ನಾಚಿ ಹೊರಗೋಡುವ ಹುಡುಗಿ ಇವಳು. ಈಗ ನನ್ನತ್ತ ಕೈ ತೋರಿಸಿದಳು.

“ಮೈ ಮಾಮ್. ಶೀ ಬೈಸ್ ಸಾರೀಸ್ ಲೈಕ್ ದಿಸ್.”

ಕುದುರೆಯ ಹತ್ತಿರ ಹೋಗಲೂ ಹೆದರುವ ನಾನು, ಆ ಭಾರದ ಜೀನನ್ನು ಯಾರ ಕೈಗೂ ಕೊಡದೆ ಕಾರಿನವರೆಗೆ ಹೊತ್ತೆ.