ಹಿಕ್ಕೆ ಕಂಡ ಬೆಳಿಗ್ಗೆ

೧೪ ಮಾರ್ಚ್ ೨೦೧೬, ಸೋಮವಾರ

ಫಾರ್ಮಿನ ತೊಟ್ಟಿಗಳಲ್ಲಿ ನಾನು ಸಾಕುವ ಕಡಲಸೌತೆಗಳು, ಸೌತೆಕಾಯಿಯಂತೆ ಕಾಣುವ ಆ ಸಮುದ್ರಜೀವಿಗಳು, ಹತ್ತು ದಿನದಿಂದ ಕಡಲಪಾಚಿಯ ಪುಡಿಯನ್ನು ಮುಟ್ಟಿರಲಿಲ್ಲ. “ಗುರುವಾರಕ್ಕೆ ನಿಮ್ಮ ಪಾಚಿ ಖಲಾಸ್ ಐವಿ ಮೇಡಂ, ಪ್ಯಾಕೆಟ್ ಫೀಡೇ ಹಾಕುವ” ಎಂದಿದ್ದರು ಫಾರ್ಮಿನ ಮ್ಯಾನೇಜರ್ ಝಿಯಾದ್. ಮೈ ಉರಿದಿತ್ತು. ಆಮೇಲೆ ಹೊಳೆಯಿತು: ಮರಳು ನುಂಗಿ ಬದುಕುವ ಜೀವಕ್ಕೆ ನೀರಲ್ಲಿ ತೇಲುವ ಪುಡಿ ಕೊಟ್ಟರೆ ತಿಂದೀತೇ? ನಿನ್ನೆ ಸಂಜೆ ಪುಡಿಯನ್ನು ಮರಳಿಗೆ ಕಲಸಿ ಒಂದು ತೊಟ್ಟಿಯ ತಳಕ್ಕೆ ಹರಡಿ ಬಂದೆ.

ಬೆಳಿಗ್ಗೆ ನೋಡಿದರೆ ತಳದ ತುಂಬ ಹಿಕ್ಕೆ! ಶ್ಯಾವಿಗೆಯಂತೆ, ಪಾಚಿಯದೇ ಬಣ್ಣ. ಫೋಟೊ ತೆಗೆದು ಝಿಯಾದರಿಗೆ ಕಳಿಸಿದೆ.

“ಎಂತ ಮಾರಾಯ್ರೆ, ನಾಷ್ಟಾ ಮಾಡುವಾಗ!” ಎಂದು ಫೋನಿನಲ್ಲಿ ಕೂಗಿದರು.

“ತಿಂದಿದೆ ಸರ್, ಎಲ್ಲ ತಿಂದಿದೆ” ಎಂದೆ.

ನಾಷ್ಟಾ ಅರ್ಧಕ್ಕೇ ಬಿಟ್ಟು ಬಂದು, ಬಗ್ಗಿ ನೋಡಿ, “ಯಲ್ಲಾ, ಬೇಗ ಬೇಗ, ಎಲ್ಲ ತೊಟ್ಟಿಗೂ ಹಾಕಿ” ಎಂದರು.

ಸಂಜೆ ಮಿರ್ದಿಫ್‌ನ ಮನೆ ಮುಟ್ಟುವವರೆಗೂ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ನನ್ನ ಮಗ ಬ್ರಾಯನ್ ಕೂಸಾಗಿದ್ದಾಗ, ಮೂರು ದಿನ ಕಟ್ಟಿದ್ದ ಹೊಟ್ಟೆ ಬಿಟ್ಟ ಬೆಳಿಗ್ಗೆಯೂ ಹೀಗೇ ನಕ್ಕಿದ್ದೆ.