ನಾಲ್ಕೇ ಹಾಡು

೧೨ ಅಕ್ಟೋಬರ್ ೨೦೨೨, ಬುಧವಾರ. ಸಂಜೆ ೬-೩೦

ಇಂದು ಮೂವತ್ತೊಂದು ಪೇಶಂಟು. ಹದಿನೇಳು ಜನರಿಗೆ ಕೆಮ್ಮು. ಡ್ಯೂಟಿ ರೋಟಾ ಮತ್ತೆ ಬದಲು, ಶುಕ್ರವಾರ ರಜೆಯಂತೆ. ನೋಡೋಣ.

ಮನೆಗೆ ಬಂದು ಕಾರು ರಸ್ತೆಯಲ್ಲೇ ನಿಲ್ಲಿಸಿದೆ. ಗ್ಯಾರೇಜು ಇನ್ನು ನನ್ನದಲ್ಲ. ಅಲ್ಲಿ ದಂಡು ಬೀಡುಬಿಟ್ಟಿದೆ. ಡ್ರಮ್ಮು, ಎರಡು ಆಂಪ್ಲಿಫಯರು, ಗೋಡೆಗೆ ಒರಗಿಸಿದ ಹಳೆಯ ಗಾದಿ. ಮೂರೇ ಜನರ ಬ್ಯಾಂಡು. ಹಾಡುವವಳು ನನ್ನ ಮಗಳು ಇಂಚರಾ. ಗಿಟಾರಿಗೆ ಮೇಗನ್, ಇದೇ ಸ್ಟಾಕ್‌ಪೋರ್ಟಿನ ಇಂಗ್ಲಿಷ್ ಹುಡುಗಿ, ಇಂಚರಾಳ ಜೊತೆ ಓದಿದವಳು. ಡ್ರಮ್ಮಿಗೆ ಋಷಿ, ಡಾಕ್ಟರ್ ಬಾಲಕೃಷ್ಣರ ಮಗ. ಪಂಕ್ ರಾಕ್ ಅಂತೆ. ಎರಡು ನಿಮಿಷಕ್ಕೆ ಒಂದು ಹಾಡು ಮುಗಿಯುತ್ತದೆ. ಆರಂಭವಾಯಿತು ಅನ್ನುವಷ್ಟರಲ್ಲಿ ಮಂಗಳ.

ವಿಜಯಾ ರೊಟ್ಟಿ ತಟ್ಟುತ್ತಿದ್ದಳು.

"ಏನ್ರೀ, ಇದಕ್ಕ ಹಾಡು ಅಂತಾರೇನು? ಯಾರೋ ಬಾಗಲದಾಗ ಬೆರಳು ಸಿಗಿಸಿಕೊಂಡಂಗ ಐತಿ."

"ಕಡೀ ಬೆಂಚಿಗೂ ಕೇಳತೈತಿ. ಇನ್ನೇನು ಬೇಕು ನಿನಗ?"

"ಮೂರನೇ ಮನೀಗೂ ಕೇಳತೈತಿ. ಅವರೇನು ತಿಕೀಟು ತಗೊಂಡಾರೇನು?"

ಬಾಲಕೃಷ್ಣ ಮಗನನ್ನು ಕರೆದೊಯ್ಯಲು ಬಂದರು. ಮೈಸೂರಿನ ಮೆದುಮಾತು. "ಶ್ರೀಶೈಲ ಅವ್ರೇ, ಗ್ಯಾರೇಜ್ ಕೊಟ್ಟು ದೊಡ್ಡ ಉಪಕಾರ ಮಾಡಿದ್ರಿ. ನಮ್ಮನೆ ಗೋಡೆ ಉಳೀತು." ನಕ್ಕರು. ನಾನೂ ನಕ್ಕೆ.

ಬ್ಯಾಂಡಿಗೆ ಹೆಸರು ಸಿಕ್ಕಿದೆ. ವಿಜಯಾ ನಿನ್ನೆ ಗ್ಯಾರೇಜಿನ ಬಾಗಿಲಲ್ಲಿ ನಿಂತು "ಏನಿದು ಕಿರಿಕಿರಿ" ಎಂದಳಂತೆ. ಮೇಗನ್ ಅರ್ಥ ಕೇಳಿದಳಂತೆ. ಈಗ ಡ್ರಮ್ಮಿನ ಮೇಲೆ ಕೆಂಪು ಬಣ್ಣದಲ್ಲಿ — ಕಿರಿಕಿರಿ.

೧೮ ಮಾರ್ಚ್ ೨೦೨೩, ಶನಿವಾರ

ಮೊದಲ ಪ್ರದರ್ಶನ. ಫಾಲೋಫೀಲ್ಡಿನ ಒಂದು ಪಬ್ಬಿನ ನೆಲಮಾಳಿಗೆ. ಮಧ್ಯಾಹ್ನ ನಾಲ್ಕಕ್ಕೆ. ಮೂವತ್ತು ಜನ, ಅದರಲ್ಲಿ ತಲೆ ನೆರೆತವನು ನಾನೊಬ್ಬನೇ.

ಪದ ಒಂದೂ ತಿಳಿಯಲಿಲ್ಲ. ಆದರೆ ಎಂಥ ನಿಲುವು. ಬಲಗಾಲು ಮುಂದೆ, ಎದೆ ಎತ್ತಿ, ಕಣ್ಣು ಕೊನೆಯ ಗೋಡೆಗೆ. ಯಾರೂ ಕಲಿಸಿದ್ದಲ್ಲ. ನಮ್ಮವ್ವ ಗಂಗವ್ವ, ಕಂಪನಿ ನಾಟಕದ ನಟಿ, ಹಾಗೆಯೇ ನಿಲ್ಲುತ್ತಿದ್ದಳು. ತಗಡಿನ ಥೇಟರು, ಸಾವಿರ ಜನ, ಮೈಕು ಕೆಟ್ಟರೂ ನಾಟಕ ನಿಲ್ಲಿಸಿದವಳಲ್ಲ. ನಾನು ಆ ಸೈಡ್‌ವಿಂಗಿನಲ್ಲಿ ಬೆಳೆದವನು. ಬಣ್ಣದ ಪೆಟ್ಟಿಗೆಯೇ ನನಗೆ ತೊಟ್ಟಿಲು.

ಆಮೇಲೆ ಎಲ್ಲರೂ ಚಿಪ್ಸ್ ತಿನ್ನಲು ಕುಳಿತೆವು. ಮೇಗನ್‌ಗೆ ಅವ್ವನ ಕಥೆ ಹೇಳಿದೆ. ನಾಯಕಿ ವಿಷ ಕುಡಿದು ಹಾಡಿ ಸತ್ತಿದ್ದಾಳೆ. ಮೇಲೆ ಬಿಳಿ ಬಟ್ಟೆ ಹೊದೆಸಿದ್ದಾರೆ. ಗಂಡ ಅಳುತ್ತಿದ್ದಾನೆ. ಹಿಂದಿನಿಂದ ಕೂಗು — ಒನ್ಸ್ ಮೋರ್. ಹೆಣ ಎದ್ದು ಕೂತಿತು. ಸೆರಗು ಸರಿಮಾಡಿಕೊಂಡು ಅದೇ ಹಾಡು ಮೊದಲಿನಿಂದ ಹಾಡಿ ಮತ್ತೊಮ್ಮೆ ಸತ್ತಿತು. ಮೂರು ಸಲ ಹೀಗಾಯಿತು. ಗಂಡನ ಪಾತ್ರದವನಿಗೆ ಅಳು ಮುಗಿದು ನಗು ಬಂತು. ಕಂಪನಿಯ ಪದ್ಧತಿಯೇ ಅದು. ಕೇಳಿದರೆ ಇಲ್ಲ ಎನ್ನುವಂತಿಲ್ಲ. ಅವ್ವ ಒಮ್ಮೆಯೂ ಇಲ್ಲ ಅನ್ನಲಿಲ್ಲ.

ಮೇಗನ್ ನಕ್ಕು ನಕ್ಕು ವಿನೆಗರ್ ಚೆಲ್ಲಿದಳು.

"ನಂಗೆ ನಾಲ್ಕು ವರ್ಷ ಇದ್ದಾಗಿಂದ ಇದೇ ಕಥೆ," ಎಂದಳು ಇಂಚರಾ. ಅವಳು ಮಾತಾಡುವುದು ಇಂಗ್ಲಿಷಿನಲ್ಲಿ, ಬರೆಯುವಾಗ ನನ್ನ ಕೈ ಕನ್ನಡ ಮಾಡಿಕೊಳ್ಳುತ್ತದೆ. "ಮೆಟ್ಟಿಲ ಮೇಲೆ ನಿಲ್ಲಿಸಿ ಹಾಡಿಸ್ತಿದ್ರು. ಒನ್ಸ್ ಮೋರ್, ಒನ್ಸ್ ಮೋರ್ ಅಂತ. ನಿದ್ದೆ ಬರೋವರೆಗೆ ಹಾಡ್ತಿದ್ದೆ."

"ಒಮ್ಮೆನೂ ಒಲ್ಲೆ ಅನ್ನಲಿಲ್ಲ ನಮ್ಮವ್ವಿ," ಎಂದೆ ಮಗಳ ತಲೆ ಸವರಿ. ಹೆಮ್ಮೆಯಿಂದಲೇ ಎಂದೆ.

ಒಂದು ಮಾತು — ದನಿಯನ್ನು ಗಂಟಲಿನಿಂದ ಎಸೆಯುತ್ತಾಳೆ. ಹೊಟ್ಟೆಯಿಂದ ಬರಬೇಕು. ಹೇಳಿದೆ. ತಲೆಯಾಡಿಸಿದಳು.

೧೧ ಫೆಬ್ರವರಿ ೨೦೨೪, ರವಿವಾರ

ಕಿರಿಕಿರಿಗೆ ಈಗ ಪುರುಸೊತ್ತಿಲ್ಲ. ಬರ್ಮಿಂಗ್‌ಹ್ಯಾಮ್, ಲೀಡ್ಸ್, ಮತ್ತೆ ಬರ್ಮಿಂಗ್‌ಹ್ಯಾಮ್. ಯೂನಿವರ್ಸಿಟಿ ಓದಿನ ನಡುವೆಯೇ. ಇಂಚರಾ ಫಾಲೋಫೀಲ್ಡಿನಲ್ಲಿ ಗೆಳತಿಯರ ಜೊತೆ ಮನೆ ಮಾಡಿದ್ದಾಳೆ. ರವಿವಾರ ಫೋನು.

ಇಂದಿಗೆ ಐದನೇ ರವಿವಾರ, ದನಿ ಒಡೆದೇ ಇದೆ. ಮರಳು ಜರಡಿ ಹಿಡಿದಂತೆ. ಮೂರು ವಾರ ದಾಟಿದ ಗೊಗ್ಗರು ದನಿ ನನ್ನ ಮುಂದೆ ಬಂದು ಕೂತರೆ ಮಾತು ಮುಗಿಯುವ ಮೊದಲೇ ಸ್ಪೆಷಲಿಸ್ಟರಿಗೆ ಪತ್ರ ಹೋಗಿರುತ್ತದೆ. ಮಗಳಿಗೆ ನಾನು ಬರೆಯುವಂತಿಲ್ಲ. ಅವಳ ಹೆಸರು ಇರುವುದು ಬೇರೆ ಡಾಕ್ಟರ ಬಳಿ.

"ಡಾಕ್ಟರಿಗೆ ತೋರಿಸು, ಅವ್ವಿ."

"ಅಪ್ಪಾ, ಇದೇ ನನ್ನ ಸೌಂಡ್. ಜನಕ್ಕೆ ಇಷ್ಟ ಆಗ್ತಿರೋದೇ ಇದು."

"ಜನಕ್ಕ ಇಷ್ಟ ಆಗತೈತಿ, ಗಂಟಲಕ್ಕ?"

"ಬಸ್ ಬಂತು. ಬೈ."

ಬಸ್ಸಿನ ಸದ್ದು ನನಗೇನೂ ಕೇಳಲಿಲ್ಲ.

೩ ಜೂನ್ ೨೦೨೪, ಸೋಮವಾರ

ಕೊನೆಗೆ ತೋರಿಸಿದ್ದಾಳೆ. ನನಗಲ್ಲ, ತಾಯಿಗೆ ಹೇಳಿದಳು. ಗಂಟಲೊಳಗಿನ ದನಿಯ ಎರಡೂ ಪಟ್ಟಿಗಳ ಮೇಲೆ ಸಣ್ಣ ಗಂಟು. ಕ್ಯಾನ್ಸರ್ ಅಲ್ಲ. ಕೂಗಿ ಕೂಗಿ ಬಂದದ್ದು, ಅಂಗೈಗೆ ಜಡ್ಡುಗಟ್ಟಿದಂತೆ. ಶೋ ಎಲ್ಲ ಬಂದ್. ಸ್ಪೀಚ್ ಥೆರಪಿಸ್ಟ್ ಮೆಲ್ಲಗೆ ಮಾತಾಡುವುದರಿಂದ ಮತ್ತೆ ಕಲಿಸುತ್ತಾರಂತೆ.

ಬೇಸಿಗೆಗೆ ಮನೆಗೆ ಬಂದಿದ್ದಾಳೆ. ದಿನದ ಬಹುಪಾಲು ಮೌನ. ಬೇಕಾದದ್ದನ್ನು ಬರೆದು ತೋರಿಸಲು ಒಂದು ಬಿಳಿ ಹಲಗೆ. ವಿಜಯಾ ಅದನ್ನು ಓದಿ ಹಲಗೆಯ ಮೇಲೆಯೇ ಉತ್ತರ ಬರೆಯುತ್ತಾಳೆ.

"ನಿನಗೇನಾಗೇತಿ? ಬಾಯಿಲೆ ಹೇಳಬಾರದೇನು?" ಎಂದೆ.

"ಹೌದಲ್ಲ," ಎಂದಳು. ಇಂಚರಾ ಸದ್ದಿಲ್ಲದೆ ನಕ್ಕಳು. ಭುಜ ಮಾತ್ರ ಕುಣಿದವು.

ಇಷ್ಟು ಸುಮ್ಮನಿರುವ ಮನೆಯಲ್ಲಿ ನಾನು ಯಾವತ್ತೂ ಇದ್ದವನಲ್ಲ. ನನ್ನ ಕೆಮ್ಮೂ ಸಂಭಾಷಣೆಯಂತೆ ಕೇಳುತ್ತದೆ.

೧೩ ಸೆಪ್ಟೆಂಬರ್ ೨೦೨೪, ಶುಕ್ರವಾರ

ಗಂಟುಗಳು ಇಳಿದಿವೆ. ದನಿ ಮರಳಿದೆ. ಅಪ್ಪಣೆ ಸಿಕ್ಕಿದೆ. ನಾಳೆ ಲೀಡ್ಸ್, ಮಧ್ಯಾಹ್ನದ ಆಟ. ವಸಂತದಲ್ಲಿ ದೊಡ್ಡ ಬ್ಯಾಂಡೊಂದರ ಜೊತೆ ಹನ್ನೆರಡು ಊರು ಸುತ್ತುವ ಅವಕಾಶ ಇದೆ, ಅದರವರು ನೋಡಲು ಬರುತ್ತಾರಂತೆ.

ಆದರೆ ಕರಾರು. ಥೆರಪಿಸ್ಟ್ ಬರೆದುಕೊಟ್ಟಿದ್ದಾರೆ, ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ. ನಾಲ್ಕೇ ಹಾಡು. ಆಮೇಲೆ ನೀರು, ಮೌನ.

"ಅಪ್ಪಾ, ನೀನೂ ಹೇಳು. ಎಷ್ಟು?"

"ನಾಲ್ಕು."

"ಐದನೇದು?"

"ಇಲ್ಲ."

೧೫ ಸೆಪ್ಟೆಂಬರ್ ೨೦೨೪, ರವಿವಾರ

ನಿನ್ನೆಯದು. ಬರೆಯಲೇಬೇಕು.

ಹಳೆಯ ಬಟ್ಟೆ ಗಿರಣಿಯ ಮೊದಲ ಮಹಡಿ. ಇನ್ನೂರೈವತ್ತು ಜನ. ನಾವಿಬ್ಬರು ಹಿಂದಿನ ಗೋಡೆಗೆ ಒರಗಿ ನಿಂತೆವು. ವಿಜಯಾಳ ಕಿವಿಯಲ್ಲಿ ಹತ್ತಿ.

ಒಂದು. ಎರಡು. ಮೂರು. ಬೆರಳು ಮಡಿಚಿ ಎಣಿಸಿದೆ. ನಾಲ್ಕನೆಯದು ಅವಳೇ ಬರೆದದ್ದು. ಆಸ್ಪತ್ರೆಯ ವೇಟಿಂಗ್ ರೂಮಿನಲ್ಲಿ ನಿನ್ನ ಹೆಸರನ್ನು ತಪ್ಪು ತಪ್ಪಾಗಿ ಕರೆಯುತ್ತಾರೆ, ನೀನು ಏಳುವುದಿಲ್ಲ — ಅಷ್ಟೇ ಹಾಡು. ಈ ಸಲ ಪ್ರತಿ ಪದ ತಿಳಿಯಿತು. ಹೊಟ್ಟೆಯಿಂದ ಬಂತು ದನಿ. ಎದ್ದು, ತಿರುಗಿ, ಇನ್ನೂರೈವತ್ತು ತಲೆ ದಾಟಿ ಬಂದು ನನ್ನ ಎದೆಗೆ ತಾಗಿತು. ಅವ್ವನ ನಂತರ ಅಂಥ ದನಿ ಕೇಳಿದ್ದಿಲ್ಲ. ಮುಗಿಯಿತು. ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. ಕೈ ಮುಗಿದಳು.

ಕೂಗು ಬಂತು. ಒನ್ಸ್ ಮೋರ್.

ಯಾರದು ಎಂದು ತಿರುಗಿದೆ. ವಿಜಯಾ ನನ್ನನ್ನೇ ನೋಡುತ್ತಿದ್ದಳು.

ಈ ದೇಶದಲ್ಲಿ ಹಾಗೆ ಕೂಗುವ ರೂಢಿಯಿಲ್ಲ. ಅದಕ್ಕೇ ಜನಕ್ಕೆ ಮೋಜೆನಿಸಿತು. ಎತ್ತಿಕೊಂಡರು. ಇನ್ನೂರೈವತ್ತು ಗಂಟಲು, ಕಾಲಿನ ತಾಳ. ನಾನು ಎರಡೂ ಕೈ ಎತ್ತಿ ಬೇಡ ಬೇಡ ಎಂದು ಬೀಸಿದೆ. ಸುತ್ತಲಿನವರೂ ಕೈ ಎತ್ತಿ ನನ್ನಂತೆಯೇ ಬೀಸಿದರು. ಮೇಗನ್ ತಲೆ ಅಲ್ಲಾಡಿಸುತ್ತಿದ್ದಳು. ಋಷಿ ಕೋಲುಗಳನ್ನು ಕೆಳಗಿಟ್ಟುಬಿಟ್ಟಿದ್ದ. ಇಂಚರಾ ಕಣ್ಣು ಕಿರಿದು ಮಾಡಿ ಹಿಂದಿನ ಗೋಡೆ ಹುಡುಕಿದಳು. ನಾನು ಕಣ್ಣಿಗೆ ಬಿದ್ದೆ. ನಕ್ಕಳು. ಮೆಟ್ಟಿಲ ಮೇಲಿನ ನಗು. ಮೈಕು ತೆಗೆದುಕೊಂಡಳು.

ಹಾಡಿನ ಎರಡನೇ ಚರಣದ ನಡುವೆ ದನಿ ಹೋಯಿತು. ಬಾಯಿ ಪದ ಹೇಳುತ್ತಿತ್ತು, ಏನೂ ಹೊರಗೆ ಬರಲಿಲ್ಲ. ಮೈಕು ಕೆಟ್ಟಿದೆ ಎಂದುಕೊಂಡು ಯಾರೋ ತಂತಿ ನೋಡಲು ಓಡಿದರು. ನನಗೆ ಗೊತ್ತಾಗಿತ್ತು. ದನಿಯ ಪಟ್ಟಿಯೊಳಗೆ ರಕ್ತನಾಳ ಒಡೆದಿದೆ. ಇನ್ನೂರೈವತ್ತು ಜನರಲ್ಲಿ ಅದು ಗೊತ್ತಿದ್ದವನು ನಾನೊಬ್ಬ. ಮಾಡಿದವನೂ ನಾನೊಬ್ಬ.

ಕಾರಿನಲ್ಲಿ ಮನೆಗೆ ಹೊರಟೆವು. ಹಡ್ಡರ್ಸ್‌ಫೀಲ್ಡ್ ದಾಟಿದ ಮೇಲೆ ಹಿಂದಿನ ಸೀಟಿನಿಂದ ಇಂಚರಾ ಏನೋ ಟೈಪ್ ಮಾಡಿ ಫೋನು ಮುಂದೆ ಚಾಚಿದಳು. ವಿಜಯಾ ಓದಿ ಹೇಳಿದಳು.

"ಅಜ್ಜಿ ಆಗಿದ್ದರೆ ಒಲ್ಲೆ ಅಂತಿದ್ದಳಾ ಅಂತ ಕೇಳಾಕತ್ಯಾಳ."

ರಸ್ತೆ ನೋಡಿದೆ.

೨ ಅಕ್ಟೋಬರ್ ೨೦೨೪, ಬುಧವಾರ

ರಕ್ತ ಹೆಪ್ಪುಗಟ್ಟಿ ಗುಳ್ಳೆಯಾಗಿದೆಯಂತೆ. ಆಪರೇಶನ್ ೨೯ಕ್ಕೆ. ದನಿ ಎಷ್ಟು ಮರಳುತ್ತದೆ, ಹಾಡಲಾಗುತ್ತದೆಯೇ, ಕೇಳೋಣವೆಂದು ಆಸ್ಪತ್ರೆಗೆ ಫೋನು ಮಾಡಿದೆ. ಡಾಕ್ಟರ್ ಎಂದೂ ಹೇಳಿದೆ. ರೋಗಿಗೆ ಹದಿನೆಂಟು ದಾಟಿದೆ, ಅವಳೊಡನೆ ಮಾತ್ರ ಮಾತಾಡುತ್ತೇವೆ ಎಂದರು. ಸರಿಯಾಗಿಯೇ ಹೇಳಿದರು. ಎಷ್ಟು ತಂದೆಯರಿಗೆ ನಾನೇ ಹೇಳಿಲ್ಲ ಈ ಮಾತನ್ನು.

ವಸಂತದ ಪ್ರವಾಸದವರು ಕಿರಿಕಿರಿಯನ್ನು ಆರಿಸಿದ್ದಾರೆ. ಮೊದಲ ನಾಲ್ಕು ಹಾಡು ನೋಡಿ ಆರಿಸಿದ್ದು. ಮೇಗನ್ ನಿನ್ನೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತಳು. "ನೀನಿಲ್ಲದೆ ನಾವು ಹೋಗಲ್ಲ." ಇಂಚರಾ ಹಲಗೆಯ ಮೇಲೆ ಬರೆದಳು, ಹೋಗಿ, ನೀನೇ ಹಾಡು. ಇಂದು ಗ್ಯಾರೇಜಿನಲ್ಲಿ ಮೇಗನ್ ಹಾಡುತ್ತಿದ್ದಾಳೆ. ತೆಳು ದನಿ. ಇಂಚರಾ ಬಕೆಟ್ಟು ಬೋರಲು ಹಾಕಿ ಕುಳಿತು, ತಪ್ಪಿದಲ್ಲಿ ಕೈ ಎತ್ತಿ ನಿಲ್ಲಿಸುತ್ತಾಳೆ.

ಸಂಜೆ ಅವ್ವನ ಕಥೆಯ ಉಳಿದರ್ಧ ಇಂಚರಾಳಿಗೆ ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ನಲವತ್ತೊಂದನೇ ವಯಸ್ಸಿಗೆ ಅವ್ವನ ದನಿ ಹೋಯಿತು. ಔಷಧಿಯಿಲ್ಲ, ಡಾಕ್ಟರಿಲ್ಲ. ಆಮೇಲೆ ಹನ್ನೊಂದು ವರ್ಷ ಅದೇ ಕಂಪನಿಯಲ್ಲಿ ಗೇಟಿನ ಬಳಿ ಕೂತು ತಿಕೀಟು ಹರಿದಳು. ಒಳಗೆ ಬೇರೊಬ್ಬಳಿಗೆ ಒನ್ಸ್ ಮೋರ್ ಬಿದ್ದರೆ ಸೆರಗಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನಾನು ಸದಾ ಹೆಣ ಎದ್ದ ಕಥೆಯನ್ನೇ ಹೇಳಿದೆ. ಅದಕ್ಕೆ ಜನ ನಗುತ್ತಾರೆ.

ಇಂಚರಾ ಹಲಗೆ ಎತ್ತಿಕೊಂಡಳು. ಇದನ್ನ ಮೊದಲು ಹೇಳಬೇಕಿತ್ತು, ಅಪ್ಪಾ.

ಸಿಟ್ಟಿನಿಂದ ಬರೆದಿದ್ದರೆ ತಾಳಿಕೊಳ್ಳುತ್ತಿದ್ದೆ. ಅಕ್ಷರ ದುಂಡಗಿದ್ದವು.

೩೦ ಅಕ್ಟೋಬರ್ ೨೦೨೪

ಆಪರೇಶನ್ ಆಯಿತು. ಮನೆಗೆ ಬಂದಳು. ಪಿಸುಮಾತೂ ಆಡುವಂತಿಲ್ಲ.

೮ ನವೆಂಬರ್ ೨೦೨೪, ಶುಕ್ರವಾರ. ಬೆಳಿಗ್ಗೆ ೧೦-೫೦

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಯ ಮುಂದೆಯೇ. ಗಾಜು ಏರಿಸಿದೆ.

ಹನ್ನೊಂದಕ್ಕೆ ವಿಡಿಯೋ ಕಾಲ್. ಥೆರಪಿಸ್ಟ್ ಎದುರು ಇಂಚರಾ ಮೊದಲ ಸದ್ದು ಮಾಡಬೇಕು. ಬಾಯಿ ಮುಚ್ಚಿ ಒಂದೇ ಒಂದು 'ಮ್'. ಐದು ಸೆಕೆಂಡು. ಅದು ಹೇಗೆ ಬರುತ್ತದೆ ಎಂಬುದರಿಂದ ಎಷ್ಟೋ ತಿಳಿಯುತ್ತದೆ. ಆಪರೇಶನ್ ಆದಾಗಿನಿಂದ ನಾನು ಅದೊಂದಕ್ಕೇ ಕಾಯುತ್ತಿದ್ದೆ. ಇಂಚರಾಳ ಕೋಣೆಯ ಹೊರಗೆ ಕುರ್ಚಿಯನ್ನೂ ಹಾಕಿಕೊಂಡಿದ್ದೆ.

ಬಾಗಿಲು ತೆರೆದು ಕುರ್ಚಿ ನೋಡಿದಳು. ಒಳಗೆ ಹೋಗಿ ಹಲಗೆ ತಂದಳು. ಇಂಗ್ಲಿಷಿನಲ್ಲಿ ಬರೆದದ್ದನ್ನು ಒಂದು ಪದವೂ ಬಿಡದೆ ಇಲ್ಲಿ ಕನ್ನಡದಲ್ಲಿ ಇಡುತ್ತೇನೆ.

ಅಪ್ಪಾ, ನೀನು ಮನೆಯಿಂದ ಹೊರಗೆ ಹೋಗು. ಪ್ಲೀಸ್. ನೀನು ಕೇಳಿಸಿಕೊಂಡು ಮುಖ ಅರಳಿಸಿದರೆ ನಾನು ಇನ್ನೊಂದು ಸಲ ಮಾಡಿಬಿಡುತ್ತೇನೆ.

ವಿಜಯಾ ಕೋಟು ತಂದು ಕೈಗಿಟ್ಟಳು. "ನಡೀರಿ. ಮುಗಿದ ಮ್ಯಾಲೆ ನಾ ಬಂದು ಹೇಳತೀನಿ."

೧೧-೦೪. ಮೇಲಿನ ಕೋಣೆಯ ಪರದೆ ಎಳೆದಿದೆ.

೧೧-೧೫. ಎಲೆ ಗುಡಿಸುವ ಕೌನ್ಸಿಲ್ ಗಾಡಿ ಹೋಯಿತು. ಇಂಚರಾಳ 'ಮ್' ಇಷ್ಟು ದೂರಕ್ಕೆ ಕೇಳುವಂಥದ್ದಲ್ಲ. ಆದರೂ ಗಾಡಿಗೆ ಬೈದೆ.

೧೧-೩೧. ವಿಜಯಾ ಹೊಸ್ತಿಲಿಗೆ ಬಂದಳು. ಬರಿಗಾಲಿನಲ್ಲಿ. ನನ್ನ ಕಡೆ ನೋಡುತ್ತಿಲ್ಲ, ಮೆಟ್ಟಿಲ ಕಡೆ ತಿರುಗಿ ಮೇಲಿನಿಂದ ಬರುವ ಏನನ್ನೋ ಆಲಿಸುತ್ತಿದ್ದಾಳೆ. ಕೈ ಎತ್ತಿದಳು, ಇರಿ ಅನ್ನುವಂತೆ. ಗಾಜು ಇಳಿಸಲೋ ಬೇಡವೋ —